ನಾನು ಕದ್ದ ಅರ್ಧ ಗಂಟೆ

ಸಮಸ್ತರ ಸಮಕ್ಷಮ ಒಪ್ಪಿಕೊಳ್ಳುತ್ತೇನೆ: ಚಿಕ್ಕವನಿದ್ದಾಗ ದಾನೋಳಿಯ ನಮ್ಮ ಮನೆಯಲ್ಲಿ ಅರ್ಧ ಗಂಟೆ ಕದ್ದೆ. ಇನ್ನಷ್ಟು ಆಡಲೆಂದು ಗಡಿಯಾರದ ಮುಳ್ಳು ಹಿಂದೆ ಸರಿಸಿದೆ.

ಜೈನರಾದ ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಂದು ಮೋಡ, ಅವ್ವ ಗಡಿಯಾರ ನಂಬಿ ನಿಧಾನವಾಗಿ ರೊಟ್ಟಿ ಬಡಿದಳು. ನಮಗೆಲ್ಲ ಬಡಿಸಿ ತಾನು ತಾಟಿನ ಮುಂದೆ ಕೂತಾಗ ಪಕ್ಕದ ಮನೆಯ ಹೆಂಗಸು, ನಾವು ಕಾಕು ಎಂದು ಕರೆಯುತ್ತಿದ್ದ ಚಿಕ್ಕಮ್ಮ, ಬಂದಳು.

“ಹೊತ್ತು ಮುಳುಗೇತಲ್ಲವಾ, ನಿಮ್ಮ ಗಡಿಯಾರ ಮಲಗೇತೇನ?”

“ಹೌದೇನ್ರಿ? ಇರ್ಲಿ ಬಿಡ್ರಿ, ನನಗೂ ಭಾಳ ಹಸಿವಿಲ್ಲ,” ಎಂದು ಅವ್ವ ತಾಟು ಸರಿಸಿದಳು.

ಈಗ ಕೊಲ್ಹಾಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಹೆಂಗಸರ ಸಂಬಳವಿಲ್ಲದ ದುಡಿಮೆಯನ್ನು ಗಂಟೆ, ನಿಮಿಷ ಸಮೇತ ಅಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇವತ್ತು ವಿದ್ಯಾರ್ಥಿಗಳಿಗೆ ಮಾದರಿಯಾಗಲೆಂದು ನಮ್ಮ ಮನೆಯದೇ ದಿನಚರಿಯ ಫಾರ್ಮ್ ತುಂಬಿದೆ. ಹೆಂಡತಿ ಊಟ ಮಾಡುವ ಹೊತ್ತಿನ ಕಾಲಂ ಮಾತ್ರ ಖಾಲಿ ಉಳಿಯಿತು, ನನಗೆ ಗೊತ್ತಿರಲಿಲ್ಲ.