ದೊಡ್ಡಣ್ಣನ ಗಡಿಯಾರದ ಕಿವಿಗುರುತು

ದೊಡ್ಡಣ್ಣನ ತಲೆಗೆ ಆ ಹುಳ ಬಿಟ್ಟವಳು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಕೆದಕುವುದು ಬೇಡ.

ಸೇಲಂನ ಸೆವ್ವಾಪೇಟೆಯಲ್ಲಿ, ಬೆಳ್ಳಿ ಕಾಲ್ಗೆಜ್ಜೆ ಮಾಡುವವರ ಬೀದಿಯ ಕೊನೆಗೆ, ಮೆಟ್ಟಿಲ ಕೆಳಗೊಂದು ಗೂಡಿದೆ. ಅದನ್ನು ಅಂಗಡಿ ಎಂದರೆ ಉಳಿದ ಅಂಗಡಿಗಳಿಗೆ ಅವಮಾನ. ಒಂದು ಮೇಜು, ಒಂದು ದೀಪ, ಬಂದವರು ಕೂರಲು ಕಾಲು ಅಲ್ಲಾಡುವ ಸ್ಟೂಲು. ದೊಡ್ಡಣ್ಣ ಅಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಹೆಸರಿನಲ್ಲೇ ಅಣ್ಣ ಸೇರಿಕೊಂಡಿದ್ದರಿಂದ ನನಗಿಂತ ಒಂಬತ್ತು ವರ್ಷ ಚಿಕ್ಕವನನ್ನು ನಾನು ಅಣ್ಣ ಎನ್ನಬೇಕಾಯಿತು. ನಾನು ಕಮಲಿನಿ, ವಿದ್ಯುತ್ ಕಚೇರಿಯಲ್ಲಿ ಮೂವತ್ತೈದು ವರ್ಷ ಫೈಲು ಹೊತ್ತು ನಿವೃತ್ತಳಾದವಳು. ನಮ್ಮಪ್ಪನ ಕೀ ಕೊಡುವ ವಾಚು ನಿಂತಿತೆಂದು ಹೋದಾಗ ಅವನು ಫೋನಿನಲ್ಲಿ ಹೆಂಡತಿ ಮುನಿಲಕ್ಷ್ಮಮ್ಮನಿಗೆ, "ಮಾತ್ರೆ ತಿಂದಿವ್ನಿ ಲೇ, ಸುಮ್ಕಿರು" ಎಂದು ಗದರುತ್ತಿದ್ದ. ಸೇಲಂನ ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಅಂದಿನಿಂದ ಕೆಲಸವಿರಲಿ ಬಿಡಲಿ, ವಾರಕ್ಕೆರಡು ಸಲ ಆ ಸ್ಟೂಲಿನ ಮೇಲೆ ನಾನು ಹಾಜರು.

ಅವನದು ಪಾಲಕೋಡಿನಾಚೆ ಕುರಿ ಸಾಕುವ ಮನೆ. ಹದಿನೈದಕ್ಕೆ ಸೇಲಂಗೆ ಬಂದು ಗೆಜ್ಜೆಗಳ ಮೇಲೆ ಹೂಬಳ್ಳಿ ಕೆತ್ತುವುದು ಕಲಿತ. ಗೆಜ್ಜೆಗೆ ಮಿಷನ್ನು ಬಂದಾಗ ಶಿವಲಿಂಗಂ ಎಂಬ ವಾಚು ರಿಪೇರಿಯವರ ಬಳಿ ಸೇರಿದ. ಎರಡು ವಿದ್ಯೆಯೂ ಒಂದೇ ಕೈಯಲ್ಲಿ ಕೂಡಿದ್ದರಿಂದ ಅವನು ಸ್ಕೆಲಿಟನ್ ವಾಚು ಮಾಡುವವನಾದ. ಗಡಿಯಾರದ ಒಳಗಿನ ಹಿತ್ತಾಳೆ ತಟ್ಟೆಗಳಲ್ಲಿ ಚಕ್ರಗಳನ್ನು ಹಿಡಿದಿಡಲು ಬೇಕಾದಷ್ಟು ಮಾತ್ರ ಉಳಿಸಿ, ಮಿಕ್ಕಿದ್ದನ್ನೆಲ್ಲ ಕೊರೆದು ತೆಗೆಯುವ ಕೆಲಸ ಅದು. ಸಣ್ಣ ತೂತು ಕೊರೆದು, ಕೂದಲಿನಷ್ಟು ತೆಳು ಗರಗಸವನ್ನು ಅದರೊಳಗೆ ತೂರಿಸಿ ಕತ್ತರಿಸಬೇಕು. ಉಳಿದ ಎಲುಬುಗಳ ಅಂಚನ್ನು ಅರದಿಂದ ಇಳಿಜಾರು ಮಾಡಿ, ಮೇಲೆ ಉಳಿಯಿಂದ ಎಲೆ, ಬಳ್ಳಿ ಬಿಡಿಸಬೇಕು. ಒಂದೊಂದು ಗೀರಿಗೂ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಮಾತಿನಮಲ್ಲಿಯಾದ ನಾನೂ ಆಗ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ.

"ಎಷ್ಟ್ ತೆಗೀಬೇಕು ಅಂತ ಯಾರ್ ಬೇಕಾರೂ ಏಳ್ತಾರೆ ಅಮ್ಮ. ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಕೈಗೇ ತಿಳೀಬೇಕು" ಎನ್ನುತ್ತಿದ್ದ.

ಒಂದೊಂದಕ್ಕೆ ನಾಲ್ಕು ತಿಂಗಳು. ಮುಗಿದದ್ದನ್ನು ವೆಂಕಟಾಚಲಂ ಎಂಬ ವ್ಯಾಪಾರಿ ಹತ್ತಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಗಡಿಯಾರದ ಮುಖದ ಮೇಲೆ ಇನ್ಯಾರದೋ ಹೆಸರು ಕೂರಿಸಿ ಚೆನ್ನೈಯಲ್ಲಿ ಮಾರುತ್ತಿದ್ದ. ಇಪ್ಪತ್ತು ವರ್ಷದಲ್ಲಿ ನಲವತ್ತು ಗಡಿಯಾರ, ಒಂದರಲ್ಲೂ ದೊಡ್ಡಣ್ಣ ಇಲ್ಲ. ಅವನಿಗೆ ಅದೊಂದು ವಿಷಯವೇ ಆಗಿರಲಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಕಳೆದ ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಕಣ್ಣಿನ ಡಾಕ್ಟರು ದೊಡ್ಡಣ್ಣನಿಗೆ ವಿಷಯ ಬಿಚ್ಚಿ ಹೇಳಿದರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಗೆ ಇಳಿದಿದೆ, ಎಡಗಣ್ಣು ಹೋದಂತೆಯೇ, ಬಲಗಣ್ಣು ಹೆಚ್ಚೆಂದರೆ ಇನ್ನಾರು ತಿಂಗಳು ಈ ಕೆಲಸಕ್ಕೆ ಬಂದೀತು. ಅವನು ಅದನ್ನು ನನಗೆ ಹೇಳಿದ್ದು ವಾಚಿನ ತಿರುಪು ಬಿಗಿಯುತ್ತಾ. ನನಗೆ ಅಳು ಬಂತು, ಅಳು ಬಂದರೆ ನಾನು ಜಗಳ ತೆಗೆಯುವವಳು.

"ಹಾಗಾದರೆ ಕೊನೆಯದನ್ನಾದರೂ ಆ ವೆಂಕಟಾಚಲಂಗೆ ಕೊಡಬೇಡ. ನಿನಗೇ ಅಂತ ಮಾಡು. ನಿನ್ನ ಹೆಸರು ಹಾಕು" ಎಂದೆ.

"ಯಾವ ಎಳುತ್ತಲ್ಲಿ, ಯಾವ ಅಕ್ಷರದಾಗೆ ಆಕ್ಲಿ? ನಂಗ್ ಬರೆಯಾಕ್ ಬರೋದು ತಮಿಳೇ. ನಮ್ಮಪ್ಪ ಕೂಗ್ತಿದ್ದ ಎಸರು ಅದ್ರಾಗೆ ಬೇರೆಯೋರ್ದು ತರ ಕಾಣ್ತೈತೆ."

ನಾನು ಚೀಟಿಯ ಮೇಲೆ ದುಂಡಗೆ ಕನ್ನಡದಲ್ಲಿ ಬರೆದುಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಆಕಿದ್ರೆ ನಿಮ್ ಕೈಬರಹ ಆಯ್ತದೆ" ಎಂದು ವಾಪಸು ಕೊಟ್ಟ.

ಮುಂದಿನ ವಾರ ಹೋದಾಗ ಮುಖ ಅರಳಿತ್ತು. "ನಮ್ ಕುರಿ ಗುರುತು ಆಕ್ತೀನಿ ಅಮ್ಮ" ಎಂದ. ಅವರ ಕಡೆ ಒಂದೊಂದು ಮನೆಯ ಕುರಿಗೂ ಕಿವಿಯ ಅಂಚಿನಲ್ಲಿ ಕತ್ತರಿಸಿದ ಒಂದೊಂದು ಬಗೆಯ ಕಚ್ಚು. ಇವರ ಮನೆಯದು ಎಡಗಿವಿಯ ಕೆಳ ಅಂಚಿನಲ್ಲಿ ಜೋಡಿ ಕಚ್ಚು. ಮಂದೆಗಳು ಕಲೆತಾಗ, ಸಂತೆಯಲ್ಲಿ ತಕರಾರು ಎದ್ದಾಗ, ಕಿವಿ ನೋಡಿ ತೀರ್ಮಾನ.

"ಕಿವಿಯೇ ಹರಿದುಹೋದರೆ?" ಎಂದೆ, ತಮಾಷೆಗೆ.

"ಆಗ ಅದು ಯಾರ್ದೂ ಅಲ್ಲ. ನಂದು ಅಂತ ಯಾರೂ ಕೈ ಇಡಂಗಿಲ್ಲ."

ಮುಖ್ಯ ಸ್ಪ್ರಿಂಗನ್ನು ಅದುಮಿ ಹಿಡಿಯುವ ಮೇಲ್ತಟ್ಟೆಯನ್ನು ಅವನು ಕುರಿಕಿವಿಯ ಆಕಾರಕ್ಕೇ ಕತ್ತರಿಸಿದ. ಗುರುತನ್ನು ಮೇಲ್ಮೇಲೆ ಕೆತ್ತಿದರೆ ಸಾಲದೇ ಎಂದು ಕೇಳಿದೆ. "ಗೀಚಿದ್ರೆ ಗುರುತಾ? ಅಂಚಿಂದ ಕತ್ರಿಸಿ ತೆಗೀಬೇಕು" ಎಂದು ನನ್ನನ್ನೇ ಗದರಿದ. ಮಗುವಿಗೆ ಹೆಸರಿಟ್ಟಂತೆ ಅದನ್ನು ಕೊನೆಗೆ ಇಟ್ಟುಕೊಂಡಿದ್ದ. ಬೇರೆಲ್ಲ ಮುಗಿಯುವಷ್ಟರಲ್ಲಿ ಪೊಂಗಲ್ ಕಳೆದಿತ್ತು. ಬೆಳಗಿನ ಹತ್ತರಿಂದ ಹನ್ನೆರಡರವರೆಗೆ, ಬಿಸಿಲು ಮೇಜಿನ ಮೇಲೆ ಬೀಳುವಾಗ ಮಾತ್ರ ಅವನಿಗೆ ಗೆರೆ ಕಾಣುತ್ತಿತ್ತು. ಆ ಎರಡು ಕಚ್ಚನ್ನು ಹಾಕಲು ಹನ್ನೊಂದು ದಿನ ತೆಗೆದುಕೊಂಡ. ಅಷ್ಟೂ ದಿನ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಒಂದು ಗುರುವಾರ ಬರಹೇಳಿದ. ಮುನಿಲಕ್ಷ್ಮಮ್ಮ ಬುತ್ತಿ ಹಿಡಿದು ಮೊದಲೇ ಬಂದು ನಿಂತಿದ್ದಳು. ಅವನು ನಾಲ್ಕು ಸುತ್ತು ಕೀ ಕೊಟ್ಟ. ಗಡಿಯಾರ ಓಡಿತು. ಬಳ್ಳಿಗಳ ನಡುವೆ ಪುಟ್ಟ ಚಕ್ರ ಹೋಗಿ ಬರುವುದು ನಿಚ್ಚಳವಾಗಿ ಕಾಣುತ್ತಿತ್ತು. ಕೆಳಗೆ ಜೋಡಿ ಕಚ್ಚು, ನೀಟಾಗಿ. ಅವನು ಅದನ್ನು ಕಿವಿಗೆ ಹಿಡಿದು ನಕ್ಕ, ಹೆಂಡತಿಯ ಕಿವಿಗೂ ಹಿಡಿದ. ನನ್ನ ಆಯುಷ್ಯದಲ್ಲಿ ನಾನು ಕೊಟ್ಟ ಒಳ್ಳೆಯ ಸಲಹೆ ಇದೊಂದೇ ಎಂದು ಒಳಗೊಳಗೇ ಬೀಗಿದೆ.

"ಪೂರಾ ಕೊಟ್ಟು ನೋಡ್ತೀನಿ" ಎಂದು ಇನ್ನಷ್ಟು ಸುತ್ತಿದ. ಸ್ಪ್ರಿಂಗು ಬಿಗಿಯಾಗುತ್ತ ಬಂತು. ಟಕ್ ಎಂದಿತು. ಚಕ್ರಗಳು ಸರ್ರನೆ ತಿರುಗಿ ನಿಂತುಬಿಟ್ಟವು.

ಅವನು ಕಣ್ಣಿಗೆ ಐಗ್ಲಾಸಿನ ಪುಟ್ಟ ಭೂತಗನ್ನಡಿ ಸಿಕ್ಕಿಸಿ ಬಗ್ಗಿದ, ವಾಲಿಸಿ ನೋಡಿದ, ತೆಗೆದು ಕಣ್ಣುಜ್ಜಿಕೊಂಡ. ಕೊನೆಗೆ ಅದನ್ನು ನನ್ನ ಕೈಗೆ ಕೊಟ್ಟು, "ನೀವ್ ನೋಡಿ ಏಳಿ. ಎಲ್ಲಿ ಒಡ್ದೈತೆ?" ಎಂದ.

ನೋಡಿದೆ. ಮೇಲ್ತಟ್ಟೆ ಎರಡು ತುಂಡಾಗಿತ್ತು, ಸರಿಯಾಗಿ ಕಚ್ಚಿನ ಬುಡದಿಂದಲೇ. ಮೊದಲೇ ತೆಳ್ಳಗಿದ್ದ ಎಲುಬಿನೊಳಕ್ಕೆ ಗರಗಸ ಬೇಕಾದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಎಲ್ಲಿ ನಿಲ್ಲಿಸಬೇಕೆಂದು ಕೈಗೆ ಗೊತ್ತಿತ್ತು, ಕಣ್ಣು ಮೋಸ ಮಾಡಿತ್ತು.

"ತಿರುಪಿನ ತೂತಿನ ಹತ್ತಿರ" ಎಂದು ಸುಳ್ಳು ಹೇಳಿದೆ.

ಅವನು ತುಂಡನ್ನು ಬಿಚ್ಚಿ ತೆಗೆದು, ಹೆಬ್ಬೆರಳಿನ ಉಗುರನ್ನು ಅಂಚಿನುದ್ದಕ್ಕೂ ಮೆಲ್ಲಗೆ ಎಳೆದ. ಒಂದು ಕಚ್ಚು ಸಿಕ್ಕಿತು. ಇನ್ನೊಂದು ಸಿಗಬೇಕಾದಲ್ಲಿ ಲೋಹವೇ ಇರಲಿಲ್ಲ. ತುಂಡನ್ನು ಮೇಜಿನ ಮೇಲಿಟ್ಟ.

"ಇನ್ನೊಂದು ತಟ್ಟೆ ಮಾಡ್ಬೌದಲ್ಲ" ಎಂದಳು ಮುನಿಲಕ್ಷ್ಮಮ್ಮ.

"ತಟ್ಟೆ ಐತೆ. ಕಣ್ಣು ಎಲ್ಲಿಂದ ತರ್ಲಿ ಲೇ? ಮುಡಿಂಜು ಪೋಚ್ಚು, ಮುಗೀತು." ಉಳಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತತೊಡಗಿದ. ಗಡಿಯಾರವನ್ನು ನನ್ನ ಕಡೆಗೆ ತಳ್ಳಿ, ವೆಂಕಟಾಚಲಂ ಬಂದರೆ ಬಿಡಿಭಾಗಕ್ಕೆ ಕೊಟ್ಟುಬಿಡಿ ಎಂದ.

ನನಗೆ ತಡೆಯಲಾಗಲಿಲ್ಲ. "ಯಾರಿಗೂ ಕೊಡಲ್ಲ. ಓಡಲಿ ಬಿಡಲಿ, ಇದು ನಿನ್ನದು ಕಣಪ್ಪ" ಎಂದು ಕೂಗಿಯೇಬಿಟ್ಟೆ.

ದೊಡ್ಡಣ್ಣ ನಾನಿದ್ದ ಕಡೆಗೆ ಮುಖ ತಿರುಗಿಸಿದ. ನನಗಿಂತ ಸ್ವಲ್ಪ ಪಕ್ಕಕ್ಕೆ, ಗೋಡೆಯನ್ನು ನೋಡುತ್ತಿದ್ದ.

"ಯಾವ ಕಿವಿ ನೋಡಿ ಏಳ್ತೀರಾ ಅಮ್ಮ?" ಎಂದ.