ಪೆಲೆಟ್ ಆರಿಸಿದ ಇಬ್ಬರು

ನೆದರ್‌ಲ್ಯಾಂಡ್ಸಿನ ಹಾರ್ಲೆಮ್‌ನಲ್ಲಿ ನಾವು ಕೊಂಡ ಮನೆಯ ಹಜಾರದಲ್ಲಿ ಹಿಂದಿನವರು ಒಂದು ಪೆಲೆಟ್ ಒಲೆಯನ್ನು ಬಿಟ್ಟುಹೋಗಿದ್ದರು. ಸೊಂಟದೆತ್ತರದ ಕಪ್ಪು ಕಬ್ಬಿಣದ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ನೆತ್ತಿಯಲ್ಲಿ ಮುಚ್ಚಳ. ಪೆಲೆಟ್ ಎಂದರೆ ಮರದ ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಮಾಡಿದ, ಸವೆದ ಸೀಮೆಸುಣ್ಣದ ಚೂರಿನಂಥ ತುಂಡುಗಳು. ಅವನ್ನು ಮೇಲಿನಿಂದ ಸುರಿದರೆ ಒಳಗಿನ ತಿರುಪು ಒಂದಿಷ್ಟೊಂದಿಷ್ಟೇ ಕೆಳಗಿನ ಬಟ್ಟಲಿಗೆ ಉದುರಿಸುತ್ತದೆ, ಫ್ಯಾನು ಗಾಳಿ ಊದುತ್ತದೆ, ಬೆಂಕಿ ತಾನಾಗಿ ಹತ್ತಿಕೊಳ್ಳುತ್ತದೆ. ಇಷ್ಟನ್ನೂ ಓದಿ ತಿಳಿದಿದ್ದೆನೇ ಹೊರತು ಒಮ್ಮೆಯೂ ಹಚ್ಚಿ ನೋಡಿರಲಿಲ್ಲ. ಬೆಳಿಗ್ಗೆ ನಾನು ಆಮ್‌ಸ್ಟರ್‌ಡ್ಯಾಮ್‌ಗೆ, ಹೆಂಡತಿ ಲೈಡನ್‌ನ ಪ್ರಯೋಗಾಲಯಕ್ಕೆ ರೈಲು ಹತ್ತಿದರೆ ಮತ್ತೆ ಮನೆ ಸೇರುವುದು ಸಂಜೆಗೇ. ಆ ಹೊತ್ತಿನ ಚಳಿಗೆ ಗ್ಯಾಸ್ ಹೀಟರು, ಸ್ವೆಟರು ಸಾಕಾಗುತ್ತಿತ್ತು. ಒಲೆಯ ನೆತ್ತಿಯ ಮೇಲೆ ನಾವು ಮನಿಪ್ಲಾಂಟಿನ ಕುಂಡ ಇಟ್ಟಿದ್ದೆವು.

ಅತ್ತೆ ಬಂದಮೇಲೆ ಕುಂಡ ಕೆಳಗಿಳಿಯಿತು.

ಅತ್ತೆ ಹುಬ್ಬಳ್ಳಿಯವರು. ಕಾಲೇಜು ಹುಡುಗರಿಗೆ, ಬ್ಯಾಂಕಿನ ಗುಮಾಸ್ತರಿಗೆ ರೊಟ್ಟಿ ಊಟ ಹಾಕುವ ಖಾನಾವಳಿಯನ್ನು ಬಹಳ ವರ್ಷ ನಡೆಸಿ, ಮಂಡಿ ನೋವು ಜಾಸ್ತಿಯಾದಾಗ ಮುಚ್ಚಿದವರು. ಬೇಸಿಗೆಯಲ್ಲಿ ಬನ್ನಿ, ಟ್ಯುಲಿಪ್ ಹೂವಿನ ಕಾಲದಲ್ಲಿ ಬನ್ನಿ ಎಂದು ನಾವು ಕರೆದರೆ, "ಹೂ ಏನ ನೋಡೂದು, ಅಲ್ಲಿ ಥಂಡಿ ಹ್ಯಾಂಗಿರ್ತೈತಿ ಅಂತ ನೋಡಬೇಕಾಗೇತಿ" ಎಂದು ಹಟ ಹಿಡಿದು ನವೆಂಬರಿನಲ್ಲೇ ಬಂದರು. ಬಂದ ಮರುದಿನ ಎರಡು ಸ್ವೆಟರು, ಅದರ ಮೇಲೆ ಶಾಲು, ಅದರ ಮೇಲೆ ನಮ್ಮ ಹಾಸಿಗೆಯ ರಜಾಯಿ ಹೊದ್ದು ಸೋಫಾದಲ್ಲಿ ಕೂತಿದ್ದರು. ನಾನು ಕೆಲಸದಿಂದ ಬಂದೊಡನೆ, "ಅಳ್ಯಾರ, ಥಂಡಿ ನೋಡಿದ್ದಾತ್ರಿ. ಸಾಕು" ಎಂದರು.

ಹೆಂಡತಿ ಒಲೆಯ ಕಡೆ ನೋಡಿದಳು. "ಇದನ್ನ ಹಚ್ಬಾರ್ದಾ? ಸುಮ್ನೆ ಶೋಗೆ ಇಟ್ಕೊಂಡಿದೀವಿ."

ಶನಿವಾರ ನಾನು ಊರಾಚೆಯ ಅಂಗಡಿಯೊಂದಕ್ಕೆ ಹೋದೆ. ತೋಟದ ಸಾಮಾನು, ಸಾಕುಪ್ರಾಣಿಗಳ ಸಾಮಾನು ಎಲ್ಲ ಮಾರುವ ದೊಡ್ಡ ಅಂಗಡಿ. ಬಾಗಿಲ ಹೊರಗೇ ಪೆಲೆಟ್ ಚೀಲಗಳನ್ನು ಅಟ್ಟಿ ಕಟ್ಟಿದ್ದರು. ಮರದಿಂದ ಮಾಡಿದ್ದು ಎಂದು ಬರೆದಿತ್ತು, ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ತುಂಡುಗಳೂ ಕಾಣುತ್ತಿದ್ದವು. ಚೀಲದ ಮೇಲೊಂದು ಚೆಂದದ ಕುದುರೆಯ ಚಿತ್ರವಿತ್ತು. ಬೆಂಕಿಪೊಟ್ಟಣದ ಮೇಲೆ ಕುದುರೆ ಇದ್ದರೆ ಅದು ಕುದುರೆಗೆಂದು ಯಾರಾದರೂ ಅಂದುಕೊಳ್ಳುತ್ತಾರೆಯೇ? ಕಂಪನಿಯ ಗುರುತಿರಬೇಕು ಎಂದುಕೊಂಡು ಕಾರಿನಲ್ಲಿ ಹಿಡಿಯುವಷ್ಟು ಚೀಲ ತುಂಬಿಕೊಂಡು ಬಂದೆ.

ಒಲೆ ಹತ್ತಿದಾಗ ಅತ್ತೆಗಾದ ಖುಷಿ ನೋಡಬೇಕಿತ್ತು. ಗಾಜಿನೆದುರು ಕುರ್ಚಿ ಎಳೆದುಕೊಂಡು, ಎರಡೂ ಅಂಗೈ ಚಾಚಿ, ರಜಾಯಿಯಿಂದ ಮೊದಲ ಬಾರಿಗೆ ಹೊರಬಂದರು. ಆ ಖುಷಿ ಚಹಾ ಕುದಿಯುವಷ್ಟು ಹೊತ್ತೂ ಉಳಿಯಲಿಲ್ಲ. ಜ್ವಾಲೆ ಮಂಕಾಗಿ ಹೊಗೆಯಾಡತೊಡಗಿತು, ಗಾಜಿನ ಮೇಲೆ ಮಸಿ ಹತ್ತಿತು, ಒಲೆ ಕುಂಯ್ ಕುಂಯ್ ಎಂದು ಕೂಗಿ ನಿಂತಿತು. ಆರಿದಮೇಲೆ ಬಾಗಿಲು ತೆಗೆದು ನೋಡಿದರೆ ಬಟ್ಟಲಿನ ತಳದಲ್ಲಿ ಬೂದಿ ಕರಗಿ ಗಟ್ಟಿಯಾಗಿ, ಬೆಲ್ಲದ ಪಾಕ ತಳಹಿಡಿದಂತೆ ಕೂತಿತ್ತು. ಚಮಚದಿಂದ ಎಬ್ಬಿಸಿ ಮತ್ತೆ ಹಚ್ಚಿದೆ. ಮತ್ತೆ ಅದೇ ಕಥೆ. ಮೂರನೆಯ ಸಲ ಹಚ್ಚುವ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು.

ಪಕ್ಕದ ಮನೆಯ ಅಜ್ಜಿ. ನೆಟ್ಟಗೆ ನಿಲ್ಲುವ, ನನಗಿಂತ ಎತ್ತರದ, ಬೆಳ್ಳಿಗೂದಲಿನ ಡಚ್ ಹೆಂಗಸು, ಒಬ್ಬರೇ ಇರುವವರು. ಕಸದ ಡಬ್ಬಿ ಹೊರಗಿಡುವಾಗ 'ಹಲೋ' ಎನ್ನುವುದಕ್ಕಿಂತ ಹೆಚ್ಚಿನ ಪರಿಚಯ ನಮಗಿರಲಿಲ್ಲ.

"ನಿಮ್ಮ ಹೊಗೆ ನನ್ನ ಮಲಗುವ ಕೋಣೆಯಲ್ಲಿದೆ. ನಿಮಗೆ ತಿಳಿದಿರಲಿ ಅಂತ ಹೇಳೋಕೆ ಬಂದೆ" ಎಂದರು ಇಂಗ್ಲಿಷಿನಲ್ಲಿ. ಸಿಟ್ಟಿನ ದನಿಯೇನಲ್ಲ, ಇಲ್ಲಿನವರು ಹೇಳಬೇಕಾದ್ದನ್ನು ಹಾಗೇ ಹೇಳುತ್ತಾರೆ. ನಾನು ಕ್ಷಮೆ ಕೇಳುತ್ತ, ಒಲೆಯಲ್ಲಿ ಏನೋ ಕೆಟ್ಟಿರಬೇಕು ಎಂದೆ. ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ ಚೀಲವನ್ನು ನೋಡಿದರು.

"ಅದು ಕುದುರೆಗೆ."

"ಕುದುರೆ ಇದನ್ನು ತಿನ್ನುತ್ತದೆಯೆ?"

"ಇಲ್ಲ. ಅದರ ಮೇಲೆ ಮಲಗುತ್ತದೆ. ಲಾಯದಲ್ಲಿ ಹಾಸುತ್ತಾರೆ, ಉಚ್ಚೆ ಹೀರಿಕೊಳ್ಳಲಿ ಅಂತ."

ಒಳಗಿನಿಂದ ಅತ್ತೆ, "ಏನಂತಾರ್ರಿ ಅವ್ರು?" ಎಂದು ಕೇಳಿದರು. ಹೇಳಿದೆ. ಅತ್ತೆ ಒಂದು ಕ್ಷಣ ಒಲೆಯನ್ನು ನೋಡಿದರು, ಒಂದು ಕ್ಷಣ ನನ್ನನ್ನು ನೋಡಿದರು, ಆಮೇಲೆ ಕೆಮ್ಮು ಬರುವವರೆಗೂ ನಕ್ಕರು. ಅವರ ನಗು ಕೇಳಿ ಬಾಗಿಲಲ್ಲಿದ್ದ ಅಜ್ಜಿಗೂ ತಡೆಯಲಾಗಲಿಲ್ಲ.

"ಅವ್ರನ್ನ ಬಾಗಲ್ದಾಗ ನಿಂದ್ರಿಸಿ ಮಾತಾಡ್ತೀರೇನ್ರಿ? ಒಳಗ ಕರೀರಿ. ಚಾ ಕುಡದು ಹೋಗಲಿ."

ಹಾಗೆ ಅವರು ಮೊದಲ ಸಲ ನಮ್ಮ ಮನೆಯೊಳಗೆ ಬಂದರು. ಶುಂಠಿ ಹಾಕಿ ಕುದಿಸಿದ ಅತ್ತೆಯ ಚಹಾವನ್ನು ಸುರ್ರೆಂದು ಬಾಯಿಗೆಳೆದುಕೊಂಡು, ಕಣ್ಣುಮುಚ್ಚಿ, "ಹಾಲು, ಸಕ್ಕರೆ, ಶುಂಠಿ ಎಲ್ಲದರ ಕೆಳಗೆ ಒಳ್ಳೆಯ ಅಸ್ಸಾಂ ಪುಡಿ ಇದೆ, ಪಾಪ" ಎಂದರು. ರಾಟರ್‌ಡ್ಯಾಮ್ ಬಂದರಿಗೆ ಹಡಗಿನಲ್ಲಿ ಬರುತ್ತಿದ್ದ ಚಹಾದ ರುಚಿ ನೋಡಿ ದರ್ಜೆ ಹೇಳುವುದೇ ನಿವೃತ್ತಿಯವರೆಗೂ ಅವರ ಕೆಲಸವಾಗಿತ್ತಂತೆ. ಸುರ್ರೆಂದು ಸದ್ದು ಮಾಡಿ ಕುಡಿಯುವ ಬಿಳಿಯರನ್ನು ಅತ್ತೆ ನೋಡಿದ್ದು ಅದೇ ಮೊದಲು. "ನಮ್ಮಂಥಾ ಮಂದಿನಽ ಇದ್ದಾರ" ಎಂದು ಇನ್ನೊಂದು ಲೋಟ ಕೊಟ್ಟರು.

ಹೊರಡುವಾಗ ಅಜ್ಜಿ ಹೇಳಿದರು: "ಒಲೆ ಹಚ್ಚಲೇಬೇಡಿ ಅಂತ ಹೇಳೋಕೆ ಬಂದಿದ್ದೆ. ಆದರೆ ನಿಮ್ಮ ಅತ್ತೆಗೆ ನಿಜಕ್ಕೂ ಚಳಿಯಾಗ್ತಿದೆ. ಸರಿಯಾದ ಪೆಲೆಟ್ ಹುಡುಕಿ. ನೀವು ಒಳಗೆ ಉರಿಸಿ, ನಾನು ಹೊರಗೆ ಕೂತು ಮೂಸಿ ಹೇಳ್ತೀನಿ."

ನಾನಿದನ್ನು ಅತ್ತೆಗೆ ತಿಳಿಸಿದೆ. "ಚಲೋ ಆತು. ಒಳಗಿಂದು ನನಗ ಬಿಡ್ರಿ" ಎಂದರು.

ಮುಂದಿನ ವಾರಕ್ಕೆ ಮೂರು ಬಗೆಯ ಪೆಲೆಟ್ ತಂದೆ. ಈ ಸಲ ಚೀಲದ ಮೇಲಿನ ಅಕ್ಷರಗಳನ್ನೆಲ್ಲ ಓದಿ, ಒಲೆಗೆಂದೇ ಮಾಡಿದ್ದೆಂದು ಖಾತ್ರಿ ಮಾಡಿಕೊಂಡಿದ್ದೆ. ಒಂದು ಪೈನ್ ಜಾತಿಯ ಮೆದು ಮರದ್ದು, ಬೆಣ್ಣೆಯ ಬಣ್ಣ. ಇನ್ನೊಂದು ಬೀಚ್ ಎಂಬ ಗಟ್ಟಿ ಮರದ್ದು, ಕಂದು. ಮೂರನೆಯದು ಪೆಟ್ರೋಲ್ ಬಂಕಿನಲ್ಲಿ ಸಿಕ್ಕ, ಯಾವ ಮರದ್ದೆಂದು ಬರೆಯದ ಬೆರಕೆ ಮಾಲು.

ಅತ್ತೆ ಮೂರನ್ನೂ ಮೂರು ಸ್ಟೀಲ್ ತಾಟಿಗೆ ಸುರಿಸಿಕೊಂಡು, ಅಕ್ಕಿ ಆರಿಸುವವರಂತೆ ಮುಂದೆ ಕೂತರು. ತಾಟನ್ನು ಓರೆಮಾಡಿ ಎಷ್ಟು ಪುಡಿ ಉದುರುತ್ತದೆ ನೋಡಿದರು. ಒಂದೊಂದನ್ನು ಬೆರಳಲ್ಲಿ ಮುರಿದು ಸದ್ದು ಕೇಳಿದರು. ಖಾನಾವಳಿಗೆ ಗ್ಯಾಸ್ ಬರುವ ಮೊದಲು ಅವರು ಬಳಸುತ್ತಿದ್ದುದು ಹೊಟ್ಟಿನ ಒಲೆಯನ್ನಂತೆ. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಕಟ್ಟಿಗೆ ಅಡ್ಡೆಯಿಂದ ತಂದ ಹೊಟ್ಟನ್ನು ಒತ್ತಿ ಒತ್ತಿ ತುಂಬಿ, ಬಾಟಲಿ ಎಳೆದು ತೆಗೆದರೆ ನಡುವೆ ಗಾಳಿಯ ದಾರಿ ಉಳಿಯುತ್ತದೆ. ಕೆಳಗಿನ ಕಂಡಿಯಿಂದ ಬೆಂಕಿ ಕೊಡುವುದು. "ಹೊಟ್ಟು ಹಸೀ ಇದ್ದರ ಹುಡುಗರು ಕಣ್ಣಾಗ ನೀರ ಹಾಕ್ಕೊಂತ ಊಟಾ ಮಾಡ್ತಿದ್ರು. ಖಾರ ಭಾಳ ಆಗೇತ್ರಿ ಅಕ್ಕಾರ ಅಂತಿದ್ರು. ನಾ ಹೊಗಿ ಅಂತ ಹೇಳ್ತಿದ್ದಿಲ್ಲ."

ಹೆಂಡತಿ ಮೂರು ಗಾಜಿನ ಲೋಟಗಳಲ್ಲಿ ನೀರು ತಂದಿಟ್ಟಳು. ಚೆನ್ನಾಗಿ ಒತ್ತಿದ ಪೆಲೆಟ್ ನೀರಿನಲ್ಲಿ ಮುಳುಗಬೇಕಂತೆ, ಅವಳು ಎಲ್ಲೋ ಓದಿದ್ದಳು. ಮೆದು ಮರದ್ದೂ ಗಟ್ಟಿ ಮರದ್ದೂ ತಳ ಸೇರಿದವು. ಬೆರಕೆಯದು ಅರ್ಧ ತೇಲಿ, ನೋಡನೋಡುತ್ತ ಅಂಬಲಿಯಾಯಿತು. ಅಷ್ಟರಲ್ಲಿ ಬಂದು ಅದರ ಚೀಲ ಮೂಸಿದ ಪಕ್ಕದ ಮನೆಯ ಅಜ್ಜಿ, "ಒದ್ದೆ ನೆಲಮಾಳಿಗೆ" ಎಂದಷ್ಟೇ ಹೇಳಿದರು. ಅದನ್ನು ಉರಿಸುವ ಪ್ರಶ್ನೆಯೇ ಬರಲಿಲ್ಲ.

ಭಾನುವಾರ ಪರೀಕ್ಷೆ. ಅಜ್ಜಿ ದಪ್ಪ ಕೋಟು ತೊಟ್ಟು, ನಮ್ಮ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಒಲೆಯ ಹೊಗೆ ಹೊರಬರುವ ಕೊಳವೆಯ ತುದಿಯನ್ನೇ ನೋಡುತ್ತ ಕೂತರು. ಒಳಗೆ ಗಾಜಿನೆದುರು ಅತ್ತೆ. ಇಬ್ಬರಿಗೂ ಇನ್ನೊಬ್ಬರ ಭಾಷೆ ಬಾರದು, ಹಾಗಾಗಿ ನಡುವೆ ಓಡಾಡುವ ಕೆಲಸ ನನ್ನದು.

ಬೆಳಿಗ್ಗೆ ಮೆದು ಮರದ್ದು ಹಾಕಿದೆ. ಚುರುಕಾಗಿ ಹತ್ತಿ, ಹಳದಿಯಾಗಿ ಕುಣಿಯಿತು. ಗಾಜು ಮಸಿಯಾಗಲಿಲ್ಲ. ಅಜ್ಜಿ ಹೊರಗಿಂದ ಹೆಬ್ಬೆರಳು ಎತ್ತಿದರು. ಅತ್ತೆ ಮಾತ್ರ ಮೂಗು ಮುರಿದರು: "ಹುಡುಗಾಟಿಕಿ ಉರಿ ಇದು."

ಮಧ್ಯಾಹ್ನ ಗಟ್ಟಿ ಮರದ್ದು. ನಿಧಾನಕ್ಕೆ ಹತ್ತಿತು, ಬೂದಿಯೂ ಜಾಸ್ತಿ, ಆದರೆ ಅತ್ತೆ ಮಂಡಿಯ ಮೇಲೆ ಕೈಯಿಟ್ಟುಕೊಂಡು, "ಹಾಂ, ಇದು ಉರಿ. ಎಲುಬಿಗೆ ಹತ್ತತೈತಿ. ಇದನ್ನಽ ತರಸ್ರಿ" ಎಂದು ತೀರ್ಪು ಕೊಟ್ಟುಬಿಟ್ಟರು. ನಾನು ಹಿತ್ತಲಿಗೆ ಹೋದರೆ ಅಜ್ಜಿ ಬೇಡವೆಂದು ತಲೆಯಾಡಿಸುತ್ತಿದ್ದರು. "ಹೊಗೆ ಕಾಣೋದಿಲ್ಲ. ಆದರೆ ವಾಸನೆ ಇದೆ. ಹೋಟೆಲಿನ ಹಿಂಬಾಗಿಲಲ್ಲಿ ನಿಂತ ಹಾಗಿದೆ. ರಾತ್ರಿಯೆಲ್ಲ ಇದು ಬಂದರೆ ನಾನು ಕಿಟಕಿ ತೆಗೆಯೋ ಹಾಗಿಲ್ಲ, ಕಿಟಕಿ ತೆಗೆಯದೆ ನನಗೆ ನಿದ್ದೆ ಬರೋದಿಲ್ಲ."

ಒಳಗೆ ಬಂದು ಅತ್ತೆಗೆ, "ಸ್ವಲ್ಪ ವಾಸನೆ ಇದೆಯಂತೆ" ಎಂದೆ.

"ಅವ್ರು ಇಷ್ಟುದ್ದ ಹೇಳಿದ್ರು, ನೀವು ಇಷ್ಟಽ ಹೇಳಿದ್ರಿ. ನಡುವ ಎಲ್ಲಿ ಚೆಲ್ಲಿ ಬಂದ್ರಿ?"

ಅಲ್ಲಿಂದ ಹೊರಗೆ ಹೋಗಿ, ಅತ್ತೆಗೆ ಇದೇ ಬೇಕಂತೆ ಎಂದೆ. ಅಜ್ಜಿ, "ಅವರು ಒಳಗೆ ಕೂತಿದ್ದಾರೆ, ಅವರಿಗೆ ಹೇಗೆ ಗೊತ್ತಾಗಬೇಕು?" ಎಂದರು. ಇದನ್ನು ಮಾತ್ರ ನಾನು ಪೂರ್ತಿಯಾಗಿ ಕನ್ನಡಕ್ಕೆ ತಂದೆ, ನಡುವೆ ಚೆಲ್ಲದೆ.

ಅತ್ತೆ ಎದ್ದರು. ಮಗಳ ಉದ್ದ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು, ಕಾಲುಚೀಲದ ಮೇಲೇ ಚಪ್ಪಲಿ ಸಿಕ್ಕಿಸಿ, ಬಂದಮೇಲೆ ಮೊದಲ ಸಲ ಹಿತ್ತಲಿಗೆ ಇಳಿದರು. ಅಜ್ಜಿಯ ಕುರ್ಚಿಯ ಪಕ್ಕ ನಿಂತು, ತಲೆ ಮೇಲೆತ್ತಿ, ಉಸಿರೆಳೆದುಕೊಂಡರು. ಗಾಳಿ ತಿರುಗುವವರೆಗೆ ಕಾದು ಇನ್ನೊಮ್ಮೆ ಎಳೆದುಕೊಂಡರು. ಅದೇ ಹೊತ್ತಿಗೆ ಅಜ್ಜಿ ಎದ್ದು ನಮ್ಮ ಹಜಾರಕ್ಕೆ ಹೋಗಿ, ಅತ್ತೆಯ ಕುರ್ಚಿಯಲ್ಲಿ ಕೂತು, ಒಲೆಗೆ ಕಾಲು ಚಾಚಿದರು. ಹಿತ್ತಲಲ್ಲಿ ಅತ್ತೆ, ಹಜಾರದಲ್ಲಿ ಅಜ್ಜಿ. ಹೆಂಡತಿ ನನ್ನ ಕೈ ಹಿಡಿದು, "ನೀನೇನೂ ಹೇಳ್ಬೇಡ, ಸುಮ್ನಿರು" ಎಂದು ಪಿಸುಗುಟ್ಟಿದಳು.

ಅತ್ತೆ ಒಳಗೆ ಬಂದು ಹೇಳಿದರು: "ಅವ್ರು ಹೇಳೂದು ಖರೆ ಐತ್ರಿ. ನನ್ನ ಮಣಕಾಲ ಸಲುವಾಗಿ ಅವ್ರ ನಿದ್ದಿ ಕೆಡಸೂದು ಬ್ಯಾಡ. ಬೆಳಿಗ್ಗೆ ಹಚ್ಚಿದ್ದಽ ಇರಲಿ."

ಅಜ್ಜಿ ಕುರ್ಚಿಯಿಂದಲೇ, "ಅವರು ಹೇಳೋದು ಸರಿ. ಇದು ಮೂಳೆಗೆ ಮುಟ್ಟುತ್ತೆ. ನಾನು ಬೇಕಾದರೆ ಕಿಟಕಿ ಮುಚ್ಚಿಕೊಳ್ತೀನಿ" ಎಂದರು.

ಈಗ ಇನ್ನೊಂದು ಜಗಳ. ಇಬ್ಬರೂ ಸೋಲಲು ಹಟ ಹಿಡಿದಿದ್ದರು. ಕೊನೆಗೆ ಹೆಂಡತಿ ಅಜ್ಜಿಯನ್ನು ಎಬ್ಬಿಸಿ, ಅತ್ತೆಯ ಕುರ್ಚಿಯನ್ನು ಒಲೆಯ ಕಡೆಗೆ ಒಂದು ಮೊಳ ಎಳೆದಳು. "ಅವ್ವಾ, ಇಲ್ಲಿ ಕುಂದರು. ಮೆದು ಕಟಗೀದಽ ಹಾಕ್ತೇವಿ, ನೀನು ಹತ್ತರ ಬಾ. ಮುಗೀತಲ್ಲ?" ಯಾರಿಗೂ ಅದು ಹೊಳೆದಿರಲಿಲ್ಲ. ಪೆಲೆಟ್ ಆಯ್ಕೆ ಹಾಗೆ ಮುಗಿಯಿತು.

ಇಡೀ ಚಳಿಗಾಲಕ್ಕಾಗುವಷ್ಟು ಮೆದು ಮರದ ಪೆಲೆಟ್ ತರಿಸಿದೆವು. ಲಾರಿಯವನು ಚೀಲಗಳ ಅಟ್ಟಿಯನ್ನು ರಸ್ತೆಬದಿಯಲ್ಲಿ ಇಳಿಸಿ ಹೋದದ್ದೇ ತಡ, ಆಕಾಶ ಕಪ್ಪಾಯಿತು. ಪೆಲೆಟ್‌ಗೆ ನೀರು ತಗುಲಿದರೆ ಉಬ್ಬಿ ಮತ್ತೆ ಹೊಟ್ಟೇ ಆಗಿಹೋಗುತ್ತದೆ. ಅಜ್ಜಿ ಬೀದಿಯ ಮನೆಮನೆಯ ಗಂಟೆ ಒತ್ತಿ ಜನರನ್ನು ಹೊರಗೆಳೆದರು. ನಮ್ಮ ಬಾಗಿಲಿಂದ ಹಿತ್ತಲ ಶೆಡ್ಡಿನವರೆಗೆ ಸಾಲಾಗಿ ನಿಂತು, ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಅದೇ ಬೀದಿಯಲ್ಲಿದ್ದೂ ಅಲ್ಲಿಯವರೆಗೆ ನಾನು ಮುಖ ನೋಡದವರು ನಮ್ಮ ಅಡುಗೆಮನೆಯ ಮೂಲಕ ಓಡಾಡಿದರು. ಕುದುರೆಯ ಚೀಲಗಳನ್ನು ಮೂಲೆಮನೆಯವರು ತಮ್ಮ ಮೊಲಗಳಿಗೆಂದು ಒಯ್ದರು. ಮಳೆ ಶುರುವಾದಾಗ ಎಲ್ಲರೂ ಒಳಗಿದ್ದೆವು, ಅತ್ತೆ ಚಕ್ಕುಲಿಯ ಡಬ್ಬಿ ತೆಗೆದಿದ್ದರು.

ಡಿಸೆಂಬರಿನಲ್ಲೊಂದು ಬೆಳಿಗ್ಗೆ ಎದುರು ಮನೆ ಕಾಣದಷ್ಟು ಮಂಜು ಕವಿದಿತ್ತು. ನಾನಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅಜ್ಜಿ ಬಂದು, "ಇವತ್ತು ಗಾಳಿಯೇ ಇಲ್ಲ. ಹೊಗೆ ಮೇಲೇಳದೆ ಬೀದಿಯಲ್ಲೇ ಕೂತುಬಿಡುತ್ತೆ. ಒಲೆ ಹಚ್ಚಬೇಡಿ" ಎಂದರು. ಹಾಗೆಂದು, ಅತ್ತೆಯ ಕಡೆ ಕೈಚಾಚಿ, "ಇವರನ್ನು ನಾನು ಕರಕೊಂಡು ಹೋಗ್ತೀನಿ" ಎಂದರು. ಅತ್ತೆಗೆ ಅನುವಾದ ಬೇಕಾಗಲಿಲ್ಲ. ಶಾಲು ಹೊದ್ದು ಹೊರಟರು.

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಅಜ್ಜಿ, "ಬನ್ನಿ ಬನ್ನಿ, ಸಹಾಯ ಬೇಕು" ಎಂದು ಕೂಗಿದರು. ಗಾಬರಿಯಿಂದ ಓಡಿದೆ. ಅವರ ಮನೆಯ ಬಿಸಿಯೆಲ್ಲ ನೆಲದಡಿಯ ಬಿಸಿನೀರಿನ ಕೊಳವೆಗಳಿಂದ ಬರುವುದು. ಕಾಲುಚೀಲ ಬಿಚ್ಚಿ ಒಮ್ಮೆ ನೆಲ ಮುಟ್ಟಿದ್ದೇ ಅತ್ತೆ ಕುರ್ಚಿ ಬಿಟ್ಟು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದರು. ಅಷ್ಟಕ್ಕೇ ನಿಲ್ಲದೆ ಅಜ್ಜಿಯನ್ನೂ ಕೈಹಿಡಿದು ಕೂರಿಸಿದ್ದರು. ಈಗ ಇಬ್ಬರಿಗೂ ಏಳಲಾಗುತ್ತಿರಲಿಲ್ಲ. ಒಬ್ಬರನ್ನೊಬ್ಬರು ಹಿಡಿದು ಏಳಲು ಹೋಗಿ, ಮತ್ತೆ ಕುಸಿದು, ನಗುತ್ತಿದ್ದರು.

ಮೊದಲು ಅಜ್ಜಿಯನ್ನು ಎಬ್ಬಿಸಿದೆ. ಅತ್ತೆಯ ಕೈ ಹಿಡಿಯಲು ಹೋದರೆ ಹಿಂದಕ್ಕೆಳೆದುಕೊಂಡರು.

"ನನಗೇನ ಅವಸರ ಇಲ್ರಿ. ಊಟಾ ಇಲ್ಲೇ ತರ್ರಿ. ಇಬ್ಬರದೂ."