ಓಪಲ್ ಅವರ ಮನೆಗಳೂ ಹೋಬರ್ಟನ ಜಗಲಿಯೂ

ಪಾದ್ರಿಯ ಎದುರಿಗೇ ಓಪಲ್ ಸ್ಟಿಡಮ್ ಅವರ ಪಾದ ಪಾತಾಳಕ್ಕಿಳಿಯಿತು. ಪಾದವೊಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ನೆಲ ಕುಸಿದು ಇಡೀ ಬಲಗಾಲು ತೊಡೆಯವರೆಗೆ ಒಳಗೆ ಹೋಯಿತು. ಮನೆ ಕೊಳ್ಳಲು ಬಂದಿದ್ದ ಎಳೆಯ ಪಾದ್ರಿ, ಕೈಕೊಟ್ಟು ಎತ್ತುವುದು ಧರ್ಮವೋ ಅಧರ್ಮವೋ ತಿಳಿಯದೆ, ಕೆಂಪಗಾಗಿ ಚಾವಣಿ ನೋಡುತ್ತ ನಿಂತ. ನೆಲದಡಿ ಮಲಗಿದ್ದ ಓಪಲ್‌ರ ನಾಯಿ ಒಡತಿಯ ಕಾಲಿನ ಗುರುತು ಹಿಡಿದು ಪ್ರೀತಿಯಿಂದ ನೆಕ್ಕತೊಡಗಿತು. ಆ ಸ್ಥಿತಿಯಲ್ಲೂ ಓಪಲ್ ವ್ಯಾಪಾರ ಬಿಡಲಿಲ್ಲ.

"ನೋಡಿದ್ರಾ ಬ್ರದರ್? ಪೈಪ್ ರಿಪೇರಿಗೆ ಕೆಳಗಿಳಿಯೋದು ಈ ಮನೇಲಿ ಎಷ್ಟು ಸುಲಭ!"

ಪಾದ್ರಿ ಮನೆ ಕೊಳ್ಳಲಿಲ್ಲ. ಮುಂದಿನ ಭಾನುವಾರದ ಪ್ರವಚನದಲ್ಲಿ, ಮರಳಿನ ಮೇಲೆ ಮನೆ ಕಟ್ಟಿದ ಬೈಬಲಿನ ಮೂರ್ಖನ ಕಥೆಯನ್ನು ಬಹಳ ಮನಮುಟ್ಟುವಂತೆ ಹೇಳಿದನಂತೆ.

ಪೂರ್ವ ಕೆಂಟಕಿಯ ಬೆಟ್ಟದ ಬುಡದಲ್ಲಿರುವ ನಮ್ಮ ಟ್ರೇಲರ್ ಪಾರ್ಕಿನಲ್ಲಿ ಈ ಸುದ್ದಿ ಸಂಜೆಯೊಳಗೆ ಎಲ್ಲರ ಊಟದ ಮೇಜಿಗೂ ಬಂತು. ಬೇರೆ ಊರುಗಳಲ್ಲಿ ಜನ ಮನೆ ಬಿಟ್ಟು ಓಡಿಹೋಗುತ್ತಾರೆ. ಇಲ್ಲಿ ಟ್ರೇಲರ್ ಎಂಬ ಮನೆಗಳಿಗೇ ಗಾಲಿಗಳಿವೆ. ಆದರೆ ಗಾಲಿಗಳೆಲ್ಲ ತುಕ್ಕು ಹಿಡಿದು ಮಣ್ಣಲ್ಲಿ ಹೂತು, ಮನೆಗಳು ನಿಂತಲ್ಲೇ ನಿಂತಿವೆ. ಓಡುವುದು ಓಪಲ್ ಒಬ್ಬರೇ. ಶಾಲೆಯ ಅಡುಗೆಮನೆಯಿಂದ ನಿವೃತ್ತರಾದ ಮೇಲೆ ಅವರು ಹಿಡಿದ ಕಸುಬು ಇದು: ಯಾರೂ ಮೂಸದ ಮುರುಕು ಟ್ರೇಲರ್ ಕೊಳ್ಳುವುದು, ಅದರಲ್ಲೇ ಸಂಸಾರ ಹೂಡಿ ರಿಪೇರಿ ಮಾಡುವುದು, ಮನೆ ಮನೆಯಂತಾದ ದಿನ ಲಾಭಕ್ಕೆ ಮಾರಿ ಮುಂದಿನ ಮುರುಕಿಗೆ ಹೋಗುವುದು. ಸೋರುವ ಸೂರು ಕಂಡರೆ ಸಾಕು, ಬೇರೆ ಹೆಂಗಸರಿಗೆ ಒಡವೆ ಅಂಗಡಿಯ ಮುಂದೆ ಆಗುವುದು ಓಪಲ್‌ಗೆ ಆಗುತ್ತದೆ.

ಮನೆ ಕಟ್ಟಿ ನೋಡು ಎನ್ನುತ್ತಾರೆ. ಓಪಲ್ ಮನೆ ತಟ್ಟಿ ನೋಡುವವರು. ಹಿಮ್ಮಡಿಯಿಂದ ತಟ್ಟುತ್ತ ನಡೆದರೆ ನೆಲ ಎಲ್ಲಿ ನೀರು ಕುಡಿದು ನೆನೆದ ಬಿಸ್ಕತ್ತಿನಂತಾಗಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಅಲ್ಲೆಲ್ಲ ಕಿತ್ತು ಪ್ಲೈವುಡ್ ಹೊಡೆಯುತ್ತಾರೆ. ಈ ಸಲ ಬಟ್ಟೆ ಒಗೆಯುವ ಮಷೀನಿನಡಿಯ ತುಂಡನ್ನು ಮಾತ್ರ ತಟ್ಟಿರಲಿಲ್ಲ. ಪಾದ್ರಿಗೆ ಜಾಗ ದೊಡ್ಡದಾಗಿ ಕಾಣಲೆಂದು ಅದೇ ಬೆಳಿಗ್ಗೆ ಮಷೀನನ್ನು ಆಚೆ ಸರಿಸಿದ್ದರು.

ಹೆಂಡತಿ ಮನೆಗಳನ್ನು ಬದಲಾಯಿಸುತ್ತಿದ್ದರೂ ಗಂಡ ಹೋಬರ್ಟನ ಜಗಲಿ ಬದಲಾಗುವುದಿಲ್ಲ. ಗಣಿಯಲ್ಲಿದ್ದ ಕಾಲದಲ್ಲಿ ಅವನೇ ಕಟ್ಟಿದ ಮರದ ಜಗಲಿ ಅದು; ಈಗ ದಿನವಿಡೀ ಅಲ್ಲೇ ಕುರ್ಚಿ ಹಾಕಿ ಕೂರುತ್ತಾನೆ. ಪ್ರತಿ ಸಲ ಮನೆ ಮಾರಿದಾಗಲೂ ನಾವು ನೆರೆಯ ಗಂಡಸರೆಲ್ಲ ಸೇರಿ ಜಗಲಿಯನ್ನು ಹೊತ್ತು ಮುಂದಿನ ಮನೆಯ ಬಾಗಿಲಿಗೆ ಜೋಡಿಸಿ, ಬೀನ್ಸ್, ಮೆಕ್ಕೆಜೋಳದ ಬ್ರೆಡ್ ತಿಂದು ಬರುವುದು ರೂಢಿ. ಒಮ್ಮೆಯಂತೂ ಹೋಬರ್ಟ್ ಕುರ್ಚಿಯಿಂದ ಏಳಲೇ ಇಲ್ಲ. ಅಡ್ಡಪಲ್ಲಕ್ಕಿಯಲ್ಲಿ ಸ್ವಾಮಿಗಳನ್ನು ಹೊತ್ತಂತೆ ಹೊತ್ತೆವು. ಆಶೀರ್ವಾದವೊಂದು ಬಾಕಿ ಇತ್ತು.

ಪಾದ್ರಿಯ ನಂತರ ಬಂದವಳು ರಿನೀ ನೇಪಿಯರ್. ಜೀವಮಾನವಿಡೀ ಶಾಲಾ ಬಸ್ಸು ಓಡಿಸಿದವಳು. ಸರಿಪಡಿಸಿದ ನೆಲದ ಮೇಲೆ ತಾನೇ ಎರಡು ಸಲ ಕುಣಿದು ನೋಡಿ ಒಪ್ಪಿದಳು. ಹೊರಗೆ ಬಂದು ಜಗಲಿಯ ಮೇಲೆ ಕೂತವಳು ಏಳಲೊಲ್ಲಳು.

"ಮಿಸ್ ಓಪಲ್, ಇದೂ ಸೇರಿದ್ರೆ ಮನೆ ತಗೋತೀನಿ. ಇಲ್ಲಾಂದ್ರೆ ಬೇಡ. ಇನ್ಮೇಲೆ ನಾನಿಲ್ಲಿ ಕೂತು, ಬೇರೆ ಯಾರೋ ಬಸ್ಸು ಓಡ್ಸೋದನ್ನ ನೋಡ್ಬೇಕು."

ಹೊಸದೊಂದು ಕಟ್ಟಿಕೊಡುವಂತಿರಲಿಲ್ಲ. ಹಳೆಯವು ಇರಲಿ, ಹೊಸ ಜಗಲಿ ಕೂಡದು ಎಂದು ಪಾರ್ಕಿನವರು ಆ ವರ್ಷ ನಿಯಮ ಮಾಡಿದ್ದರು. ಇತ್ತ ಓಪಲ್ ಕಣ್ಣಿಟ್ಟಿದ್ದ ಹಳದಿ ಟ್ರೇಲರನ್ನು ಪಾರ್ಕಿನ ಮ್ಯಾನೇಜರ್ ಶನಿವಾರದವರೆಗೆ ಮಾತ್ರ ಹಿಡಿದಿಡಲು ಒಪ್ಪಿದ್ದ. ಅಂದು ಶನಿವಾರವೇ; ರಿನೀಯ ಹಣ ಬರದೆ ಅದನ್ನು ಕೊಳ್ಳುವಂತಿರಲಿಲ್ಲ.

"ಕೊಟ್ಬಿಡು ಮಾರಾಯ," ಎಂದರು ಓಪಲ್, ಪಕ್ಕದ ಕುರ್ಚಿಯಲ್ಲಿದ್ದ ಗಂಡನಿಗೆ. "ನಾಲ್ಕು ಹಲಗೆ ತಾನೇ?"

"ನಾಲ್ಕು ಹಲಗೆ ಅಂತೆ! ನಿನ್ನ ಹಳದಿ ಅರಮನೇಲಿ ಏನಿದೆ? ಚಾವಣಿ ಇಲ್ಲ, ಒಳಗೆ ಕಾಡಿಂದ ನುಗ್ಗಿದ ರಕೂನ್ ಸಂಸಾರ."

"ರಕೂನ್ ಆದ್ರೂ ಓಡಾಡತ್ತೆ. ನೀನು ಕೂತಲ್ಲೇ ಬೇರು ಬಿಟ್ಟಿದ್ದೀಯ."

"ನೀನು ಗೂಡು ಬದಲಾಯಿಸ್ದಾಗೆಲ್ಲ ತುಟಿಪಿಟಕ್ ಅಂದಿದೀನಾ? ನಂಗೆ ಅಂತ ಇರೋದು ಇದೊಂದೇ ಕಣೇ."

ಓಪಲ್ ಬೆಟ್ಟದ ಕಡೆ ಮುಖ ಮಾಡಿ ಮೂಗೊರೆಸಿಕೊಂಡರು. ಅದು ಹಳದಿ ಟ್ರೇಲರಿಗಾಗಿ ಎಂದು ಸುತ್ತ ನಿಂತಿದ್ದ ನಮಗೆಲ್ಲ ಗೊತ್ತಿತ್ತು. ಹೋಬರ್ಟನಿಗೂ ಗೊತ್ತಾಗಿರಬೇಕು. ಹಲಗೆಯ ಅಂಚನ್ನೊಮ್ಮೆ ಸವರಿ, ಮೆಲ್ಲಗೆ ಎದ್ದ.

"ಆಯ್ತು, ಕೊಡು. ಇನ್ಮೇಲೆ ನಾನು ಒಳಗೇ ಕೂರ್ತೀನಿ, ನಿನ್ ಜೊತೆ."

ಕುರ್ಚಿಯನ್ನು ತಾನೇ ಎತ್ತಿಕೊಂಡು ಒಳಗೆ ಹೋದ. ಜಗಲಿ ಹೊರಲೆಂದು ಬಂದಿದ್ದ ನಾವು ಈಗ ಹೊರಲು ಏನೂ ಇಲ್ಲದೆ ಟೋಪಿ ತೆಗೆದು ನಿಂತೆವು. ಓಪಲ್ ಕ್ರಯಪತ್ರ ಬಿಡಿಸಿ ಪೆನ್ನು ಕೈಗೆತ್ತಿಕೊಂಡರು. ಆಗ ಒಳಗಿನಿಂದ ಅಳತೆ ಟೇಪನ್ನು ಸರ್ರನೆ ಎಳೆದ ಸದ್ದು ಬಂತು. ಹಿಂದೆಯೇ, ತಪ್ಪು ಕಂಡಂಥ ಒಂದು 'ಹ್ಞೂಂ'. ಮತ್ತೆ ಸರ್ರ್.

ಓಪಲ್ ಪೆನ್ನು ಮುಚ್ಚಿದರು.

"ಕ್ಷಮ್ಸು ರಿನೀ. ಜಗಲಿ ಮಾರಾಟಕ್ಕಿಲ್ಲ. ಮ್ಯಾನೇಜರ್‌ಗೆ ಹೇಳ್ಬಿಡಿ ಯಾರಾದ್ರೂ, ಹಳದಿದು ಬೇರೆಯವ್ರಿಗೆ ಕೊಡ್ಲಿ." ಬಾಗಿಲ ಕಡೆ ತಿರುಗಿ ಕೂಗಿದರು, "ಹೋಬರ್ಟ್, ಕುರ್ಚಿ ಆಚೆ ತಾ!"

ಬಸ್ಸಿನಲ್ಲಿ ಮೂವತ್ತು ಮಕ್ಕಳು ಒಟ್ಟಿಗೆ ಕಿರುಚಿದರೂ ಅಲುಗದ ರಿನೀಯ ಕಣ್ಣಲ್ಲಿ ನೀರಾಡಿತು. ಮನೆ ಕೈತಪ್ಪಿದ್ದನ್ನೂ ಮರೆತು ಓಪಲ್‌ರ ಕೈ ಹಿಡಿದುಕೊಂಡಳು.

"ಇಷ್ಟು ವರ್ಷ ಆದ್ಮೇಲೂ ಗಂಡನ್ನ ಕಂಡ್ರೆ ಇಷ್ಟೊಂದು ಪ್ರೀತಿನಾ, ಮಿಸ್ ಓಪಲ್?"

"ಪ್ರೀತಿ ಎಲ್ಲಿಂದ ಬಂತಮ್ಮಾ," ಎಂದರು ಓಪಲ್. "ಹೊರಗೆ ಕೂತ್ರೆ ಈ ಮನುಷ್ಯ ದಾರೀಲಿ ಹೋಗೋರಿಗೆ ಬುದ್ಧಿ ಹೇಳ್ತಾನೆ. ಒಳಗೆ ಬಂದ್ರೆ ನಂಗೆ ಹೇಳ್ತಾನೆ."